ನೀಲಪ್ಪನ ಮುಂದಿನ ಗಾಲಿ

ಮೊನ್ನೆ ರವಿವಾರ ಪಕ್ಕದ ಮನೆಯ ಸಹನಾ ಕರಿಬೇವು ಕೇಳಿಕೊಂಡು ಬಂದಳು. ವಿದ್ಯಾಗಿರಿಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿ. ನವನಗರದ ನಮ್ಮ ಓಣಿಯಲ್ಲಿ ಕರಿಬೇವಿನ ಗಿಡ ಇರುವುದು ನಮ್ಮ ಮನೆಯಲ್ಲಿ ಮಾತ್ರ. ನಿವೃತ್ತ ಮಾಸ್ತರನೊಬ್ಬನ ಮನೆಗೆ ಇಷ್ಟೊಂದು ಜನ ಬರುತ್ತಾರಲ್ಲ ಎಂದು ನಾನು ಒಮ್ಮೊಮ್ಮೆ ಹಿಗ್ಗುವುದುಂಟು. ಹಿಗ್ಗಿದಾಗಲೆಲ್ಲ ನನ್ನ ಹೆಂಡತಿ ಮಾತಾಡದೆ ಗಿಡದ ಕಡೆ ಕೈ ತೋರಿಸುತ್ತಾಳೆ.

ಹಿತ್ತಲಿಗೆ ಹೋಗಿ ನಾಲ್ಕು ಕಡ್ಡಿ ಮುರಿದುಕೊಂಡು ಬರುವಷ್ಟರಲ್ಲಿ ಸಹನಾ ಪಡಸಾಲೆಯ ಗೋಡೆಗೆ ತೂಗುಹಾಕಿದ ಫೋಟೋದ ಮುಂದೆ ನಿಂತಿದ್ದಳು. ಅದು ದೇವರ ಫೋಟೋ ಅಲ್ಲ, ಮನೆಯ ಹಿರಿಯರದೂ ಅಲ್ಲ. ಯಾವುದೋ ಪತ್ರಿಕೆಯಿಂದ ಕತ್ತರಿಸಿ ಚೌಕಟ್ಟು ಹಾಕಿಸಿದ, ಬಣ್ಣ ಮಾಸಿದ ಚಿತ್ರ. ಒಂದು ರಸ್ತೆಯ ತಿರುವಿನಲ್ಲಿ ಮುಂದೆ ನೀಲಿ ರೇಸ್ ಕಾರು, ಅದರ ಬೆನ್ನಿಗೇ ಕೆಂಪು ಕಾರು. ಬಲಗಡೆಯ ಮೂಲೆಯನ್ನು ಗೆದ್ದಲು ತಿಂದುಹಾಕಿದೆ. ಮನೆಗೆ ಬಂದವರು ಸಾಮಾನ್ಯವಾಗಿ ಇದನ್ನು ನೋಡಿ, ಮೊಮ್ಮಕ್ಕಳು ಅಂಟಿಸಿರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ.

‘ಸರ್, ನೀವೂ ಫಾರ್ಮುಲಾ ವನ್ ನೋಡ್ತೀರೇನ್ರಿ?’ ಎಂದು ಕೇಳಿದಳು. ಇಷ್ಟು ದಿನ ನನ್ನನ್ನು ಗಿಡದ ಮಾಲಕ ಎಂದಷ್ಟೇ ತಿಳಿದಿದ್ದವಳು ಅಂದು ಮೊದಲ ಸಲ ಮುಖ ಎತ್ತಿ ನೋಡಿದಳು. ತಾನು ಒಂದು ರೇಸನ್ನೂ ಬಿಡುವುದಿಲ್ಲವಂತೆ. ಒಬ್ಬನೇ ಗೆಲ್ಲುತ್ತ ಹೋದರೆ ನೋಡುವುದಕ್ಕೆ ಏನು ಸ್ವಾರಸ್ಯ ಎಂಬುದರ ಮೇಲೆ, ಬರುವ ವರ್ಷ ಯಾವ ಡ್ರೈವರ್ ಯಾವ ತಂಡ ಬಿಟ್ಟು ಎಲ್ಲಿಗೆ ಹೋಗುತ್ತಾನೆ ಎಂಬುದರ ಮೇಲೆ ಅವಳ ಕಾಲೇಜಿನ ಕ್ಯಾಂಟೀನಿನಲ್ಲಿ ಗೆಳೆತನಗಳೇ ಮುರಿದುಬಿದ್ದಿವೆಯಂತೆ. ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಮತ್ತೆ ಫೋಟೋದ ಕಡೆ ತಿರುಗಿ, ‘ನೀಲಿ ಗಾಡಿ ಲೀಡ್‌ನಾಗ ಐತಲ್ರಿ. ಕೆಂಪು ಗಾಡೀನ ತಡದ ಹಿಡದಾನ’ ಅಂದಳು.

ಕರಿಬೇವು ನನ್ನ ಕೈಯಲ್ಲೇ ಉಳಿಯಿತು. ನಲವತ್ತು ವರ್ಷಗಳಿಗೂ ಹಿಂದೆ, ಇದೇ ಚಿತ್ರವನ್ನು ನೋಡಿ, ಇದೇ ಮಾತನ್ನು ನಾನೂ ಹೇಳಿದ್ದೆ. ಆಕೆ ಕಂಡದ್ದನ್ನು ಹೇಳಿದಳು. ನಾನು ಓದಿದವನಂತೆ ಹೇಳಿದ್ದೆ. ಆ ವ್ಯತ್ಯಾಸ ಸಣ್ಣದಲ್ಲ. ಚಹಾ ಕುಡಿದು ಹೋಗು ಎಂದು ಅವಳನ್ನು ಕೂಡಿಸಿದೆ. ಚಹಾ ಕುದಿಯುವವರೆಗೆ ನಿಮಗೆ ಈ ಫೋಟೋದ ಸಂಗತಿ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾನು ಇಳಕಲ್ಲಿಗೆ ಇಂಗ್ಲಿಷ್ ಮಾಸ್ತರನಾಗಿ ಬಂದೆ. ನನ್ನೂರು ಗುಡೂರು, ದೂರವೇನಲ್ಲ. ಆದರೆ ಇಂಗ್ಲಿಷ್ ಮಾಸ್ತರನಾದವನು ದಿನಾ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಬಂದಿಳಿದರೆ ಹುಡುಗರಿಗೆ ಅಂಜಿಕೆ ಎಲ್ಲಿಂದ ಬರಬೇಕು? ಹೀಗೆಂದು ನನಗೆ ನಾನೇ ತೀರ್ಮಾನಿಸಿಕೊಂಡು ಸಂಗಪ್ಪನ ಮನೆಯ ಮುಂದಿನ ಖೋಲಿಯನ್ನು ಬಾಡಿಗೆಗೆ ಹಿಡಿದೆ. ಸಂಗಪ್ಪ ನೇಕಾರ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತನೆಂದರೆ ಅವನ ಲಾಳಿಗೂ ಬಾಯಿಗೂ ಪೈಪೋಟಿ. ಇಳಕಲ್ ಸೀರೆಯ ಸೆರಗು ಕೆಂಪಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕೆಂಪು ಬಣ್ಣದ ವಿಷಯ ಬಂದರೆ ಜಗತ್ತಿನಲ್ಲಿ ಯಾರೂ ತನ್ನನ್ನು ಕೇಳದೆ ಮಾತಾಡಬಾರದು ಎಂಬುದು ಸಂಗಪ್ಪನ ದೃಢವಾದ ಅಭಿಪ್ರಾಯವಾಗಿತ್ತು.

ಸಂಗಪ್ಪನ ಜೀವದ ಗೆಳೆಯ ದಾವಲಸಾಬ ಮಿಸ್ತ್ರಿ. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು. ಸಂಗಪ್ಪ ಆಡುವ ಹತ್ತು ಮಾತಿಗೆ ಮಿಸ್ತ್ರಿಯದು ಒಂದು. ಸಾಲೆಯ ಕಟ್ಟೆ ಹತ್ತಿದವನಲ್ಲ, ಸಹಿ ಮಾಡಬೇಕಾದಲ್ಲಿ ಹೆಬ್ಬೆಟ್ಟು. ಆದರೆ ಲಾರಿಯ ಇಂಜಿನ್ ಚಾಲೂ ಮಾಡಿಸಿ ಅದರ ಮೇಲೆ ಅಂಗೈ ಇಟ್ಟನೆಂದರೆ ಒಳಗಿನ ಬೇನೆ ಏನೆಂದು ಹೇಳುತ್ತಿದ್ದ. ಊರಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಹೊರುವ ಲಾರಿ, ಕಲ್ಲು ಕೊರೆಯುವ ಮಷೀನು, ಎಲ್ಲದರ ಉಸ್ತುವಾರಿ ಅವನದೇ ಆಗಿತ್ತು. ನಾನು ಆ ಊರಿಗೆ ಬರುವುದಕ್ಕೆ ಸ್ವಲ್ಪ ಮುಂಚೆ, ಹೊಸ ಮಷೀನೊಂದು ಕೆಟ್ಟು ನಿಂತಾಗ ಮಾಲಕರು ಅದರ ಜೊತೆ ಬಂದ ಪುಸ್ತಕವನ್ನು ಅವನ ಮುಂದೆ ಹಿಡಿದು, ಓದಲು ಬಾರದವನ ಕೈಗೆ ಮಷೀನು ಕೊಟ್ಟದ್ದು ತಮ್ಮ ತಪ್ಪು ಎಂದು ಎಲ್ಲರೆದುರು ಅಂದರಂತೆ. ಮಿಸ್ತ್ರಿ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾವನ್ನು ಅಲ್ಲೇ ಇಟ್ಟು, ಕೈ ಒರೆಸಿಕೊಂಡು, ಮನೆಗೆ ಬಂದುಬಿಟ್ಟ.

ಬಂದವನು ಹುನಗುಂದದ ರಸ್ತೆಯ ಬದಿಗೆ ಒಂದು ತಗಡಿನ ಶೆಡ್ ಹಾಕಿದ. ಲಾರಿಯವರಿಗೆ ಮಾಲಕರ ಅಂಜಿಕೆ, ಹಾಗಾಗಿ ಬರುತ್ತಿದ್ದದ್ದು ಟ್ರ್ಯಾಕ್ಟರ್ ಮತ್ತು ನೀರೆತ್ತುವ ಇಂಜಿನ್ ಮಾತ್ರ. ಕೆಲಸ ಕಡಿಮೆಯಾದದ್ದು ಅವನನ್ನು ಅಷ್ಟು ಕಾಡಲಿಲ್ಲ. ಓದಲು ಬಾರದವನು ಎಂಬ ಆ ಮಾತು ಒಳಗೆ ಹೋಗಿ ಕುಳಿತಿತ್ತು. ಮೊದಲು ಅಂಗೈಯಿಟ್ಟು ಥಟ್ಟನೆ ಹೇಳುತ್ತಿದ್ದವನು ಈಗ ‘ಹಿಂಗ ಇರಬೇಕು ಅನಸ್ತೈತಿ, ಯಾರರೆ ಓದಿದವ್ರನ್ನ ಕೇಳ್ರಿ’ ಎನ್ನತೊಡಗಿದ್ದ. ತನ್ನ ಕೈಯನ್ನೇ ನಂಬದ ಮಿಸ್ತ್ರಿಯನ್ನು ನೋಡಿ ಸಂಗಪ್ಪ ಮರುಗುತ್ತಿದ್ದ. ರವಿವಾರ ಮುಂಜಾನೆ ಅವನ ಜೊತೆ ಶೆಡ್ಡಿಗೆ ಹೋಗಿ ಕೂಡುವುದು ನನಗೂ ರೂಢಿಯಾಯಿತು.

ಆ ಕಾರ್ಖಾನೆಗೆ ಆಗ ಇಟಲಿಯಿಂದ ಮಷೀನುಗಳು ಬರುತ್ತಿದ್ದವು. ನಮ್ಮ ಕೆಂಪು ಕಲ್ಲು ಹಡಗು ಹತ್ತಿ ಅವರ ದೇಶಕ್ಕೆ, ಅವರ ಮಷೀನು ಹಡಗು ಹತ್ತಿ ನಮ್ಮ ಊರಿಗೆ. ಮಷೀನು ಅಲುಗಾಡದಿರಲೆಂದು ಪೆಟ್ಟಿಗೆಯೊಳಗೆ ಹಳೆಯ ಪತ್ರಿಕೆಗಳನ್ನು ತುರುಕಿರುತ್ತಿದ್ದರು. ಕೆಲವು ಗುಲಾಬಿ ಬಣ್ಣದ ಕಾಗದದವು, ಕೆಲವು ನುಣುಪಾದ, ಮಿರುಗುವ ಹಾಳೆಗಳು. ಕಾರ್ಖಾನೆಯ ಗೋಡೆಯ ಆಚೆ ಎಸೆದ ಆ ಕಾಗದವನ್ನು ಸಂಗಪ್ಪ ಆರಿಸಿ ತರುತ್ತಿದ್ದ. ಸೀರೆಯ ಮಡಿಕೆಯೊಳಗೆ ಇಡುವುದಕ್ಕೆ ಅಷ್ಟು ಒಳ್ಳೆಯ ಕಾಗದ ಹುನಗುಂದ, ಬಾದಾಮಿಯ ಸಂತೆಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಒಂದು ದಿನ ಆ ಹಾಳೆಗಳಲ್ಲಿ ಕಾರುಗಳು ಕಂಡವು. ಗಾಲಿಗಳೆಲ್ಲ ಹೊರಗೆ, ಮನುಷ್ಯ ಅಂಗಾತ ಮಲಗಿದಂತೆ ಕುಳಿತ ಕಾರು. ಸಂಗಪ್ಪ ಸೀರೆಯ ಮಾತು ಮರೆತು ಗಂಟು ಕಟ್ಟಿಕೊಂಡು ಶೆಡ್ಡಿಗೆ ಬಂದ. ಮಿಸ್ತ್ರಿ ಹಾಳೆಗಳನ್ನು ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಹರಡಿ ಬಹಳ ಹೊತ್ತು ನೋಡಿದ. ಇಂಜಿನ್ನನ್ನು ಬೆನ್ನ ಹಿಂದೆ ಇಟ್ಟಿದ್ದಾರೆ, ಭಾರ ಹಿಂದಿನ ಗಾಲಿಗೆ ಬೀಳಲೆಂದು, ಎಂದು ತನಗೆ ತಾನೇ ಹೇಳಿಕೊಂಡ. ಅನೇಕ ದಿನಗಳ ಮೇಲೆ ಅವನ ಮುಖಕ್ಕೆ ಬೆಳಕು ಬಂದಿತ್ತು. ಆಮೇಲೆ ನೀಲಿ ಕಾರು ಮುಂದೆ, ಕೆಂಪು ಕಾರು ಹಿಂದೆ ಇದ್ದ ಚಿತ್ರವನ್ನು ನನ್ನ ಕಡೆ ಸರಿಸಿ, ಕೆಳಗೆ ಏನು ಬರೆದಿದೆ ಓದಿ ಹೇಳಿರೆಂದು ಕೇಳಿದ.

ನೋಡಿದೆ. ಅಕ್ಷರಗಳೇನೋ ಎಬಿಸಿಡಿಯವೇ. ಆದರೆ ಒಂದು ಶಬ್ದವೂ ಇಂಗ್ಲಿಷ್ ಅಲ್ಲ. ಇಟಲಿಯವರು ಇಟಲಿಯ ಭಾಷೆಯಲ್ಲಿ ಬರೆದುಕೊಳ್ಳುತ್ತಾರೆಂಬ ಸಾದಾ ಸಂಗತಿ ಅಲ್ಲಿಯವರೆಗೆ ನನ್ನ ತಲೆಗೂ ಹೊಳೆದಿರಲಿಲ್ಲ. ಇದು ನನಗೆ ಬರುವುದಿಲ್ಲ ಎನ್ನಬೇಕು, ಅಷ್ಟರಲ್ಲಿ ಸಂಗಪ್ಪ, ಮಾಸ್ತರರು ಸಾಲೆಯಲ್ಲಿ ಇದನ್ನೇ ಅಲ್ಲವೇ ಕಲಿಸುವುದು, ಅವರಿಗೆ ಇದೇನು ದೊಡ್ಡದು ಎಂದುಬಿಟ್ಟ. ಮಾಸ್ತರಕಿ ಸಿಕ್ಕು ಇನ್ನೂ ವರ್ಷವಾಗಿರಲಿಲ್ಲ. ಹಾಳೆಯ ನೆತ್ತಿಯ ಮೇಲೆ ಫಾರ್ಮುಲಾ ಎಂಬ ಒಂದೇ ಒಂದು ಶಬ್ದ ನನ್ನ ಗುರುತಿನದು. ಅದರ ಮೇಲೆ ಕಾಲೂರಿ ನಿಂತು ಉಳಿದದ್ದನ್ನೆಲ್ಲ ನಾನೇ ಓದಿದೆ.

ಏನು ಓದಿದೆ ಕೇಳಿ. ನೀಲಿ ಕಾರಿನವನು ಮೊದಲು ಕೆಂಪು ಕಾರಿನ ಸಾಹುಕಾರರ ಹತ್ತಿರವೇ ಇದ್ದನಂತೆ. ಅವರು ನಾಲ್ಕು ಜನರೆದುರು ಅವಮಾನ ಮಾಡಿದರಂತೆ. ಹೊರಬಿದ್ದು ತನ್ನ ಕೈಯಿಂದಲೇ ಕಾರು ಕಟ್ಟಿ, ಈಗ ಅದೇ ಸಾಹುಕಾರರ ಗಾಡಿಯನ್ನು ಹಿಂದೆ ಹಾಕಿ ಓಡುತ್ತಿದ್ದಾನಂತೆ. ಮಿಸ್ತ್ರಿಗೆ ಧೈರ್ಯ ಬರಲೆಂದು ಹೇಳಿದೆ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡದ್ದುಂಟು. ಖರೆ ಹೇಳಬೇಕೆಂದರೆ ಅದರಲ್ಲಿ ಮಿಸ್ತ್ರಿಯ ಧೈರ್ಯಕ್ಕೆ ಕಾಲು ಪಾಲು, ನನ್ನ ಮರ್ಯಾದೆಗೆ ಮುಕ್ಕಾಲು ಪಾಲು ಇತ್ತು.

ಚಿತ್ರದ ಬಲಮೂಲೆಯಲ್ಲಿ, ಈಗ ಗೆದ್ದಲು ತಿಂದ ಜಾಗದಲ್ಲಿ, ಒಬ್ಬಾತ ನೀಲಿ ಬಾವುಟ ಹಿಡಿದು ನಿಂತಿದ್ದ. ಅವನು ಯಾರೆಂದು ಮಿಸ್ತ್ರಿ ಕೇಳಿದ. ಕಾರೂ ನೀಲಿ, ಬಾವುಟವೂ ನೀಲಿ, ಯೋಚನೆ ಮಾಡುವುದೇನಿದೆ, ನೀಲಿ ಕಾರಿನವನ ಅಭಿಮಾನಿ ಎಂದೆ. ಮಿಸ್ತ್ರಿ ತಲೆಯಾಡಿಸಿದ. ಆದರೆ ಬೆರಳು ನೀಲಿ ಕಾರಿನ ಮುಂದಿನ ಗಾಲಿಯ ಮೇಲೆ ಹೋಗಿ ನಿಂತಿತು.

‘ಮುಂದ ಇದ್ದಾಂವ ಗಾಲಿ ಯಾಕ ಹೊರಗ ತಿರುವ್ಯಾನ್ರಿ ಮಾಸ್ತರ? ಒಳಗಿನ ಜಾಗಾ ಹಿಂದಿನಾಂವಗ ಬಿಟ್ಟಂಗ ಆತಲ್ರಿ.’

ನಾನು ಸಾಲಿನ ಕೆಳಗೆ ಬೆರಳಾಡಿಸಿ, ಗಂಟಲು ಸರಿಮಾಡಿಕೊಂಡು, ಅದು ಅವನ ಹೊಸ ಪಟ್ಟು ಎಂದು ಬರೆದಿದ್ದಾರೆ ಎಂದೆ.

‘ಬರದಾರಂದ್ರ ಇರ್ತೈತಿ ಬಿಡ್ರಿ’ ಎಂದು ಮಿಸ್ತ್ರಿ ಬೆರಳು ತೆಗೆದ.

ಆ ಚಿತ್ರವನ್ನು ಚೌಕಟ್ಟು ಹಾಕಿಸಿ ಶೆಡ್ಡಿನಲ್ಲಿ ತೂಗುಹಾಕಿದರು. ಗಾಜಿನ ಅಳತೆಗೆ ಕೂಡಲೆಂದು ಕೆಳಗಿನ ಬರಹವನ್ನು ಕತ್ತರಿಸಿದವನು ನಾನೇ. ಕತ್ತರಿ ಆಡಿದಾಗ ನನಗಾದ ನಿರಾಳ ಇನ್ನೂ ನೆನಪಿದೆ.

ಅಲ್ಲಿಂದ ಮುಂದೆ ಇಳಕಲ್ಲಿನ ಆ ಶೆಡ್ಡಿನಲ್ಲಿ ನಡೆದ ವಾದಗಳ ಮುಂದೆ ಸಹನಾಳ ಕ್ಯಾಂಟೀನು ಏನೂ ಅಲ್ಲ. ಡ್ರೈವರುಗಳ ಹೆಸರು ನಾಲಿಗೆಗೆ ಒಗ್ಗಲಿಲ್ಲವಾಗಿ ಸಂಗಪ್ಪ ಕೆಂಪು ಕಾರಿನವನಿಗೆ ಕೆಂಚಪ್ಪ ಎಂದೂ ನೀಲಿಯವನಿಗೆ ನೀಲಪ್ಪ ಎಂದೂ ನಾಮಕರಣ ಮಾಡಿದ. ತಾನು ಕೆಂಚಪ್ಪನ ಕಡೆ. ನಮ್ಮ ಕಲ್ಲು ನೋಡಿಯೇ ಅವರು ಕಾರಿಗೆ ಆ ಬಣ್ಣ ಹಚ್ಚಿರಬೇಕು ಎಂಬುದು ಅವನ ಸಂಶೋಧನೆ. ಮಿಸ್ತ್ರಿ ನೀಲಪ್ಪನ ಕಡೆ. ಟ್ರ್ಯಾಕ್ಟರ್ ರಿಪೇರಿಗೆ ತಂದ ರೈತರು ಕೂಡ ಯಾವುದಾದರೂ ಒಂದು ಪಕ್ಷ ಹಿಡಿಯದೆ ಹೋಗುವಂತಿರಲಿಲ್ಲ. ಕೆಂಚಪ್ಪ ಸಾಲಾಗಿ ಗೆದ್ದನೆಂದರೆ ಅದು ಅವನ ಕೈಗುಣವೋ ಗಾಡಿಯ ಗುಣವೋ? ಅವನನ್ನು ಇಳಿಸಿ ನೀಲಪ್ಪನನ್ನು ಆ ಗಾಡಿಗೆ ಹತ್ತಿಸಿದರೆ ಏನಾದೀತು? ಕರೆದರೆ ನೀಲಪ್ಪ ಹಳೆಯ ಸಾಹುಕಾರರ ಹತ್ತಿರ ಮರಳಿ ಹೋಗಬೇಕೋ ಬೇಡವೋ? ಈ ಕೊನೆಯ ಪ್ರಶ್ನೆ ಬಂದಾಗ ಮಾತ್ರ ಮಿಸ್ತ್ರಿ ಬಾಯಿ ಬಿಡುತ್ತಿದ್ದ. ಹೋಗಬಾರದು ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ.

ನಮ್ಮ ಪಾಲಿನ ರೇಸುಗಳು ಹಡಗಿನಲ್ಲಿ ಬರುತ್ತಿದ್ದವು. ಜಗತ್ತು ಮರೆತುಬಿಟ್ಟ ಪಂದ್ಯಕ್ಕೆ ನಾವು ರವಿವಾರ ಉಸಿರು ಬಿಗಿಹಿಡಿದು ಕೂಡುತ್ತಿದ್ದೆವು. ಒಮ್ಮೆ ಹಿಂದಿನ ವರ್ಷದ ಪತ್ರಿಕೆ ಮುಂದಿನ ವರ್ಷದ ಪತ್ರಿಕೆಯ ಆಮೇಲೆ ಬಂದು, ಬಿಟ್ಟುಹೋದ ಡ್ರೈವರ್ ಮತ್ತೆ ಹಳೆಯ ತಂಡಕ್ಕೆ ಸೇರಿದನೆಂದು ಒಂದು ತಿಂಗಳು ಚರ್ಚೆಯಾಯಿತು. ಪತ್ರಿಕೆಗಳಲ್ಲಿ ಕೆಂಪು ಕಾರೇ ಹೆಚ್ಚು. ನೀಲಪ್ಪ ಎಲ್ಲೋ ಮೂಲೆಯಲ್ಲಿ ಅಂಗುಷ್ಠದಷ್ಟು. ಕೋಷ್ಟಕದಲ್ಲಿ ಹೆಸರು, ಅಂಕಿ ಓದಬಹುದಿತ್ತು. ಯಾವ ಹೆಸರು ಯಾವ ಕಾರಿನದು ಎಂದು ಮಾತ್ರ ನನಗೂ ಗೊತ್ತಿರಲಿಲ್ಲ. ಹೀಗಾಗಿ ಒಮ್ಮೆ ಎರಡನೆಯವನೆಂದೆ, ಒಮ್ಮೆ ಮುಂದಿದ್ದಾಗ ಇಂಜಿನ್ ಕೈಕೊಟ್ಟಿತೆಂದೆ. ಕೈಕೊಟ್ಟಿತೆಂದ ದಿನ ಮಿಸ್ತ್ರಿ ಆ ಸಣ್ಣ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, ಹೊಗೆ ಕಾಣುವುದಿಲ್ಲವಲ್ಲ ಎಂದು ಗೊಣಗಿ, ಮತ್ತೆ ನನ್ನ ಮಾತನ್ನೇ ನಂಬಿದ. ಹೀಗೆ ಎರಡು ವರ್ಷ. ಅಷ್ಟರಲ್ಲಿ ಅವನ ಬೆನ್ನು ನೆಟ್ಟಗಾಗಿತ್ತು. ‘ನೀಲಪ್ಪ ನಡಸಾಕತ್ತಾನಲ್ಲ, ನಾವೂ ನಡಸೂಣು’ ಎಂದು ಶೆಡ್ಡಿನ ಬಾಗಿಲು ತೆಗೆಯುತ್ತಿದ್ದ. ಲಾರಿಗಳೂ ಒಂದೊಂದಾಗಿ ಬರತೊಡಗಿದ್ದವು. ನನ್ನ ಸುಳ್ಳಿನ ಮೇಲೆ ಒಂದು ಸಂಸಾರ ನಿಂತಿದೆಯಲ್ಲ ಎಂದು ನನಗೆ ಒಳಗೊಳಗೇ ದಿಗಿಲು.

ಆ ದಿಗಿಲಿಗೆ ಒಂದು ದಿನ ಕೈಕಾಲು ಬಂದವು. ಹೊಸ ಮಷೀನು ಕೂಡಿಸಲು ಇಟಲಿಯಿಂದ ಒಬ್ಬ ಫಿಟ್ಟರ್ ಬಂದ. ಎತ್ತರದ ಆಳು, ಬಿಸಿಲಿಗೆ ನಮ್ಮ ಕಲ್ಲಿನಷ್ಟೇ ಕೆಂಪಗಾಗಿದ್ದ. ಅವನು ಹೆಂಡತಿಗೆ ಸೀರೆ ಬೇಕೆಂದು ಸಂಗಪ್ಪನ ಮಗ್ಗದ ಮನೆಗೆ ಬಂದಾಗ ಸೀರೆಯ ಮಡಿಕೆಯಿಂದ ಗುಲಾಬಿ ಕಾಗದ ಜಾರಿಬಿತ್ತಂತೆ. ಅದರಲ್ಲಿ ಕೆಂಪು ಕಾರು. ಮನುಷ್ಯ ಕುಣಿದೇಬಿಟ್ಟನಂತೆ. ಬರುವ ರವಿವಾರ ಅವನನ್ನು ಶೆಡ್ಡಿಗೆ ಕರೆತರುತ್ತೇನೆ, ನೀವು ಇಂಗ್ಲಿಷಿನಲ್ಲಿ ಮಾತಾಡಿ ನೀಲಪ್ಪನ ಸುದ್ದಿಯೆಲ್ಲ ಕೇಳಿ ಹೇಳಬೇಕು ಎಂದು ಸಂಗಪ್ಪ ಹಿಗ್ಗಿನಿಂದ ಹೇಳಿದ.

 ಶನಿವಾರ ಸಾಲೆ ಬಿಟ್ಟ ಕೂಡಲೇ, ಅವ್ವನಿಗೆ ಮೈಯಲ್ಲಿ ಆರಾಮಿಲ್ಲ ಎಂದು ಹೇಳಿ ಗುಡೂರಿಗೆ ಓಡಿಹೋದೆ. ಅವ್ವ ಗಟ್ಟಿಮುಟ್ಟಾಗಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ನನ್ನ ಮುಖ ನೋಡಿ ನಿನಗೇ ಆರಾಮಿಲ್ಲವೇನೋ ಎಂದಳು. ಅಲ್ಲಿಯೂ ನಿಲ್ಲಲಾಗಲಿಲ್ಲ. ನಾನಿಲ್ಲದಾಗ ಮಿಸ್ತ್ರಿಗೆ ಅದು ಗೊತ್ತಾದರೆ? ನನ್ನ ಮರ್ಯಾದೆ ಹೋಗುವುದು ಹಾಗಿರಲಿ, ಅವನು ಮತ್ತೆ ಬಾಗಿಲು ಮುಚ್ಚಿ ಕುಳಿತರೆ? ರವಿವಾರ ಮೊದಲ ಬಸ್ಸಿಗೇ ತಿರುಗಿ ಬಂದೆ. ಬಂದದ್ದೊಂದೇ ಈ ಸಂಗತಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ.

ಇಟಲಿಯವನಿಗೆ ಇಂಗ್ಲಿಷಿನ ಹತ್ತು ಶಬ್ದ ಬರುತ್ತಿದ್ದವು. ನಾನು ಮಾತನ್ನು ಹೇಗಾದರೂ ತಿರುಗಿಸಬಹುದು ಎಂದು ಒಂದು ಕ್ಷಣ ಆಸೆಯಾಯಿತು. ಆದರೆ ಅವನು ಗೋಡೆಯ ಚಿತ್ರವನ್ನು ಕಂಡು ನಕ್ಕ. ಮಿಸ್ತ್ರಿ ಹೆಮ್ಮೆಯಿಂದ ನೀಲಪ್ಪನನ್ನು ತೋರಿಸಿ, ಹೆಬ್ಬೆರಳು ಎತ್ತಿ, ಇವನೇ ಮುಂದೆ ಎಂದು ಸನ್ನೆ ಮಾಡಿದ. ಫಿಟ್ಟರ್ ಇಲ್ಲವೆಂದು ಬೆರಳಾಡಿಸಿದ. ಅಲ್ಲಿದ್ದ ಗುರುತು ಹಾಕುವ ಖಡುವಿನ ತುಂಡು ತೆಗೆದುಕೊಂಡು ಶೆಡ್ಡಿನ ನೆಲದ ಮೇಲೆ ದೊಡ್ಡದೊಂದು ಸುತ್ತು ಬರೆದ. ಎರಡು ಬೋಲ್ಟು ಎತ್ತಿಕೊಂಡ. ಒಂದು ಕೆಂಪು ಕಾರು, ಇನ್ನೊಂದು ನೀಲಿ ಎಂದು ಚಿತ್ರ ಮುಟ್ಟಿ ತೋರಿಸಿದ. ಎರಡನ್ನೂ ಒಂದೇ ಕಡೆ ಇಟ್ಟು ನಡೆಸಿದ. ಕೆಂಪು ಬೋಲ್ಟು ಸರಸರ ಹೋಯಿತು, ನೀಲಿಯದು ನಿಧಾನ. ಕೆಂಪು ಪೂರಾ ಒಂದು ಸುತ್ತು ಹಾಕಿ ಬಂದು ನೀಲಿ ಬೋಲ್ಟಿನ ಬೆನ್ನ ಹಿಂದೆ ನಿಂತಿತು. ಅಲ್ಲಿಗೆ ನಿಲ್ಲಿಸಿ, ಚಿತ್ರದ ಕಡೆ ಕೈ ತೋರಿಸಿದ. ಆಮೇಲೆ ಬಾವುಟದವನನ್ನು ತೋರಿಸಿ, ಪಕ್ಕಕ್ಕೆ ಸರಿ ಎಂದು ಕೈಬೀಸಿದ. ಯಾವ ಭಾಷೆಯೂ ಬೇಕಾಗಲಿಲ್ಲ. ನಮ್ಮ ನೀಲಪ್ಪ ಮುಂದಿರಲಿಲ್ಲ. ಒಂದು ಸುತ್ತು ಹಿಂದಿದ್ದ, ಎಲ್ಲರಿಗಿಂತ ಕೊನೆಗೆ. ಬಾವುಟ ಅಭಿಮಾನಿಯದಲ್ಲ, ದಾರಿ ಬಿಡು ಎಂಬ ಅಪ್ಪಣೆ.

ಸಂಗಪ್ಪ ನನ್ನನ್ನು ನೋಡಿದ. ಮಿಸ್ತ್ರಿ ನೋಡಲಿಲ್ಲ. ಕುಕ್ಕರಗಾಲಿನಲ್ಲಿ ಕುಳಿತು ನೆಲದ ಮೇಲಿನ ಸುತ್ತಿನ ಗುಂಟ ಬೆರಳಾಡಿಸಿದ. ತಲೆ ಎತ್ತದೆ ಹೇಳಿದ.

‘ನನಗ ಆವತ್ತ ಗಾಲಿ ಕಂಡಿತ್ರಿ ಮಾಸ್ತರ. ಆದ್ರ ನೀವು ಓದಿ ಹೇಳಿದ್ರಿ. ಅಕ್ಷರ ಸುಳ್ಳ ಹೇಳತಾವಂತ ನನಗ ಗೊತ್ತಿದ್ದಿಲ್ಲ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾಲಕರು ಅವನಿಂದ ಕಸಿದದ್ದನ್ನೇ ನಾನೂ ಕಸಿದಿದ್ದೆ. ಅವರು ಬೈದು, ನಾನು ಓದಿ. ಅವನ ಕಣ್ಣು ಸರಿಯಾಗಿಯೇ ನೋಡಿತ್ತು. ಅದನ್ನು ನಂಬಬೇಡ ಎಂದು ಕಲಿಸಿದವನು ನಾನು. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

‘ಅಕ್ಷರ ಸುಳ್ಳ ಹೇಳಿಲ್ಲ ಮಿಸ್ತ್ರಿ’ ಎಂದೆ. ‘ನಾ ಹೇಳೇನಿ. ಅದು ಇಂಗ್ಲಿಷ ಅಲ್ಲ. ನನಗ ಅದನ್ನ ಓದಾಕ ಬರೂದಿಲ್ಲ.’

ಓದಲು ಬರುವುದಿಲ್ಲ ಎಂಬ ಮಾತು ನನ್ನ ಬಾಯಿಂದ ಬಂದದ್ದನ್ನು ಕೇಳಿ ಅವನು ತಲೆ ಎತ್ತಿದ.  ಆಮೇಲೆ, ಈ ಸಾಹೇಬನನ್ನು ಒಂದು ಮಾತು ಕೇಳಿ, ನೀಲಪ್ಪ ರೇಸು ಮುಗಿಸಿದನೋ ನಡುವೆ ನಿಂತನೋ, ಎಂದ. ನಾನು ಹತ್ತು ಶಬ್ದದಲ್ಲಿ, ಉಳಿದದ್ದು ಕೈಯಲ್ಲಿ ಕೇಳಿದೆ. ಫಿಟ್ಟರ್ ಯೋಚಿಸಿದ. ಸುತ್ತಿನ ಹೊರಗೆ ಅಲ್ಲಲ್ಲಿ ತಪ್ಪು ಗುರುತು ಹಾಕಿದ. ಅವೆಲ್ಲ ಕೆಟ್ಟು ನಿಂತ ಗಾಡಿಗಳು. ಆಮೇಲೆ ನೀಲಿ ಬೋಲ್ಟನ್ನು ನಿಧಾನವಾಗಿ, ಗೌರವದಿಂದಲೇ ಎನ್ನಬೇಕು, ಕೊನೆಯ ಗೆರೆ ದಾಟಿಸಿದ.

ಕೆಂಚಪ್ಪನ ಕಡೆಯವನಾದ ಸಂಗಪ್ಪ ಆಗ ಗೇಲಿ ಮಾಡಬಹುದಿತ್ತು. ಮಾಡಲಿಲ್ಲ. ಫೋಟೋ ಇಳಿಸಲೇನು ಎಂದು ಮೆಲ್ಲಗೆ ಕೇಳಿದ. ಮಿಸ್ತ್ರಿ ಎದ್ದು ತಾನೇ ಇಳಿಸಿದ, ಎಣ್ಣೆ ಹತ್ತದ ಅರಿವೆ ಹುಡುಕಿ ಗಾಜು ಒರೆಸಿದ, ಮತ್ತೆ ಅದೇ ಮೊಳೆಗೆ ಹಾಕಿದ.

‘ಇರ್ಲಿ ಬಿಡೋ ಸಂಗ್ಯಾ. ಹಿಂದಿನಾಂವಗ ದಾರಿ ಬಿಟ್ಟಾನ, ಗಾಡಿ ಬಿಟ್ಟಿಲ್ಲ. ಕಡೀತನಾ ಬಂದಾನ. ಈಗ ಖರೇನ ನಮ್ಮಾಂವ ಆದ.’

ಮರು ರವಿವಾರ ಹೋಗಲೋ ಬೇಡವೋ ಎಂದು ಖೋಲಿಯಲ್ಲಿ ಕುಳಿತಿದ್ದೆ. ಸಂಗಪ್ಪ ಬಂದು, ಮಿಸ್ತ್ರಿ ನಿಮಗೋಸ್ಕರ ಕಾಯುತ್ತಿದ್ದಾನೆ ಎಂದ. ಹೋದೆ. ಇಟಲಿಯವನೂ ಬಂದಿದ್ದ. ಬಾನೆಟ್ಟಿನ ಮೇಲೆ ಹೊಸ ಹಾಳೆಗಳು. ನನ್ನ ಕಾಯಂ ಜಾಗದಲ್ಲಿ ಮಿಸ್ತ್ರಿ ನಿಂತಿದ್ದ.

‘ಬರ್ರಿ ಮಾಸ್ತರ, ಕೂಡ್ರಿ. ಇವತ್ತ ನಾ ಓದ್ತೇನಿ, ನೀವು ಕೇಳ್ರಿ.’

ಓದಿದ. ಚಿತ್ರವನ್ನು ಓದಿದ. ಈ ಗಾಡಿಯ ಹಿಂದಿನ ಗಾಲಿ ಸವೆದಿದೆ, ಇವನು ನಿಲ್ಲಿಸಿ ಬದಲಿಸದಿದ್ದರೆ ಇವನ ಕೈಯಲ್ಲಿ ರೇಸು ಉಳಿಯುವುದಿಲ್ಲ. ಇವನು ಒಳಗಿನ ಜಾಗ ಹಿಡಿದಿದ್ದಾನೆ, ಇನ್ನೆರಡು ತಿರುವಿನಲ್ಲಿ ಮುಂದೆ ಹೋಗುತ್ತಾನೆ. ಇವನ ಗಾಡಿಯ ಹೊಗೆಯಲ್ಲಿ ಎಣ್ಣೆ ಇದೆ, ಮುಗಿಸುವುದಿಲ್ಲ. ನಾನು ಸಾಧ್ಯವಾದಷ್ಟು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದೆ. ಇಟಲಿಯವನು ಕೆಳಗಿನ ಬರಹ ಓದುತ್ತ, ಹೌದೆಂದು ತಲೆಯಾಡಿಸುತ್ತ, ಕ್ರಮೇಣ ತಲೆಯಾಡಿಸುವುದನ್ನು ಬಿಟ್ಟು ಮಿಸ್ತ್ರಿಯನ್ನೇ ನೋಡತೊಡಗಿದ. ಎಲ್ಲವೂ ಸರಿಯಿತ್ತು ಎಂದರೆ ಮತ್ತೆ ಸುಳ್ಳಾದೀತು, ಒಂದೆರಡು ತಪ್ಪಿದವು. ತಪ್ಪಿದಾಗ ಮಿಸ್ತ್ರಿ ಎಲ್ಲಿ ತಪ್ಪಿತೆಂದು ಚಿತ್ರದಲ್ಲೇ ಹುಡುಕಿದ, ನನ್ನ ಕಡೆ ತಿರುಗಲಿಲ್ಲ. ಆ ಮುಂಜಾನೆ ನಾನು ಪಟ್ಟಷ್ಟು ಹೆಮ್ಮೆಯನ್ನು ನನ್ನ ಯಾವ ವಿದ್ಯಾರ್ಥಿಯ ಫಲಿತಾಂಶಕ್ಕೂ ಪಟ್ಟಿಲ್ಲ. ಇಳಕಲ್ಲಿನ ತಗಡಿನ ಶೆಡ್ಡಿನಲ್ಲಿ, ರೇಸಿನ ರಸ್ತೆಯನ್ನೇ ಕಾಣದವನೊಬ್ಬ, ಆ ರಸ್ತೆಯ ದೇಶದವನಿಗೆ ಅದನ್ನು ಓದಿ ಹೇಳುತ್ತಿದ್ದ.

ಅದಾದ ವಾರದಲ್ಲಿ ಕಾರ್ಖಾನೆಯ ಮಾಲಕರೇ ಶೆಡ್ಡಿನ ಮುಂದೆ ಬಂದು ನಿಂತರು. ಮಷೀನು ಕೂಡಿಸುವಾಗ ಮಿಸ್ತ್ರಿ ತನ್ನ ಜೊತೆಗಿರಬೇಕೆಂದು ಇಟಲಿಯವನು ಹಟ ಹಿಡಿದಿದ್ದನಂತೆ. ಮಿಸ್ತ್ರಿ ಹೋದ, ಕೆಲಸ ಮುಗಿಯುವವರೆಗೆ ಜೊತೆಗಿದ್ದ. ಕಾಯಂ ಇರು ಎಂದಾಗ ಒಲ್ಲೆ ಎಂದು ತನ್ನ ಶೆಡ್ಡಿಗೆ ಮರಳಿದ. ನೀಲಪ್ಪ ಹಳೆಯ ಸಾಹುಕಾರರ ಹತ್ತಿರ ಹೋಗಬಾರದು ಎಂಬುದು ಅಷ್ಟು ದಿನದ ಚರ್ಚೆಯಲ್ಲಿ ಆಗಲೇ ತೀರ್ಮಾನವಾಗಿತ್ತಲ್ಲ.

ಎಂಬತ್ತರ ದಶಕದ ನಡುವೆ ನನಗೆ ಬಾಗಲಕೋಟೆಗೆ ವರ್ಗವಾಯಿತು. ಹೊರಡುವ ದಿನ ಮಿಸ್ತ್ರಿ ಈ ಫೋಟೋವನ್ನು ಗುಲಾಬಿ ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟ. ನಿನಗೆ ಬೇಡವೇ ಎಂದರೆ, ತನಗೆ ಅದು ಬಾಯಿಪಾಠವಾಗಿದೆ, ಮಾಸ್ತರರಿಗೆ ಇನ್ನೂ ಓದುವುದು ಉಳಿದಿದೆ ಎಂದು ನಕ್ಕ. ಆಣೆಕಟ್ಟಿನ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆ ಬಿಟ್ಟು ನವನಗರಕ್ಕೆ ಸಾಮಾನು ಸಾಗಿಸಿದಾಗ ಎಷ್ಟೋ ವಸ್ತು ಕಳೆದವು. ಇದು ಕಳೆಯಲಿಲ್ಲ.

ಚಹಾ ಬಂತು. ಸಹನಾ ಕಪ್ಪು ಹಿಡಿದು ಮತ್ತೆ ಫೋಟೋದ ಮುಂದೆಯೇ ನಿಂತಿದ್ದಳು. ನಾನು ಅದನ್ನು ಗೋಡೆಯಿಂದ ಇಳಿಸಿ, ಅಂಗಿಯ ಚುಂಗಿನಿಂದ ಗಾಜು ಒರೆಸಿ, ಅವಳ ಕೈಗೆ ಕೊಟ್ಟೆ. ನೀಲಿ ಗಾಡಿ ಮುಂದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟವೆಂದು ನಿಮಗೆ ಹೇಗೆ ತಿಳಿಸಲಿ.

‘ಕೆಳಗ ಏನ ಬರದಿತ್ರಿ ಸರ್? ಕತ್ತರಿಸ್ಯಾರಲ್ಲ’ ಎಂದು ಕೇಳಿದಳು.

‘ನನಗ ಓದಾಕ ಬಂದಿದ್ದಿಲ್ಲ, ಯವ್ವಾ’ ಅಂದೆ. ‘ನೀನ ನೋಡಿ ಹೇಳು.’

ನೋಡಿದಳು. ಚೌಕಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹುಬ್ಬು ಗಂಟಿಕ್ಕಿತು. ಅವಳ ಬೆರಳು ಕೆಂಪು ಕಾರಿನ ಮೂತಿಯ ಮೇಲೆ ಆಡಿತು, ತಿರುವಿನ ಒಳ ಅಂಚಿನ ಮೇಲೆ ಆಡಿತು, ಮೆಲ್ಲಗೆ ಬಂದು ನೀಲಪ್ಪನ ಮುಂದಿನ ಗಾಲಿಯ ಮೇಲೆ ನಿಂತಿತು.

‘ಸರ್, ಗಾಲಿ ಹೊರಗ ತಿರುಗೇತಲ್ರಿ. ಇಂವ ದಾರಿ ಬಿಡಾಕತ್ತಾನ. ಲೀಡ್‌ನಾಗ ಇಲ್ಲ ಇಂವ, ಒಂದ್ ಲ್ಯಾಪ್ ಹಿಂದ ಅದಾನ.’ ನಾನು ಹೌದೆನ್ನುವ ಮೊದಲೇ ಅವಳಿಗೆ ಅದು ಹೌದೆಂದು ಗೊತ್ತಾಗಿತ್ತು. ಆಮೇಲೆ, ನಿಮಗೆ ಮೊದಲೇ ಗೊತ್ತಿತ್ತಲ್ಲ, ಇದನ್ನು ಹೀಗೆ ಓದುವುದು ನಿಮಗೆ ಯಾರು ಕಲಿಸಿದರು ಎಂದು ಕೇಳಿದಳು.

‘ದಾವಲಸಾಬ ಮಿಸ್ತ್ರಿ’ ಎಂದೆ. ‘ಇಳಕಲ್ಲಿನಾಂವ. ನನ್ನ ಮಾಸ್ತರ.’

ಹೇಳುವಾಗ ನನ್ನ ದನಿ ಏರಿರಬೇಕು. ಹೆಂಡತಿ ಅಡುಗೆಮನೆಯಿಂದ ಇಣುಕಿ, ಹಿಗ್ಗಿ ನಿಂತ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಈ ಸಲ ಗಿಡದ ಕಡೆ ಕೈ ತೋರಿಸಲಿಲ್ಲ.